ಪುಟ ಇನ್ನೂರ ಹನ್ನೆರಡು

ಕೌಂಟಿ ಕಚೇರಿಯಲ್ಲಿ ನನ್ನದು ಬೆರಳಚ್ಚಿನ ಕೆಲಸ.
ಐದು ವರ್ಷಕ್ಕೊಂದು ಪುಸ್ತಕ ಹೊರಡುತ್ತದೆ ಇಲ್ಲಿಂದ,
ಇಟ್ಟಿಗೆಯಷ್ಟು ದಪ್ಪ. ಮುಖಪುಟದಲ್ಲಿ
ಬೆಟ್ಟ, ಸೂರ್ಯ, ಒಂದು ಆನೆ.
ಅದರೊಳಗೆ ಇಲ್ಲದ್ದಕ್ಕೆ
ಒಂದು ಶಿಲ್ಲಿಂಗೂ ಬಿಚ್ಚುವಂತಿಲ್ಲ. ಕಾನೂನು.
ರಸ್ತೆ ಅದರಲ್ಲಿದ್ದರೆ ರಸ್ತೆ,
ಇಲ್ಲದಿದ್ದರೆ ಧೂಳು.

ಹೋದ ಪುಸ್ತಕದಲ್ಲಿ ಲಾರಿ ಇತ್ತು: ಕಸದ ಲಾರಿ, ಒಂದು.
ಬಂತು. ಹಸಿರು ಬಣ್ಣದ್ದು. ರಿಬ್ಬನ್ ಕತ್ತರಿಸಿದರು.
ಟೈರು ಅನ್ನುವ ಪದವನ್ನು ಮಾತ್ರ ಯಾರೂ ಬರೆದಿರಲಿಲ್ಲ.
ಈಗದು ಮಾರುಕಟ್ಟೆಯ ಹಿಂದೆ, ನಾಲ್ಕು ಕಲ್ಲಿನ ಮೇಲೆ.
ಡ್ರೈವರ್ ಮ್ಲಾಂಬಾ
ದಿನಾ ಬೆಳಿಗ್ಗೆ ಬಂದು ಗಾಜು ಒರೆಸುತ್ತಾನೆ.
ಅವನ ಸಂಬಳ ಪುಸ್ತಕದಲ್ಲಿದೆ, ಪುಟ ತೊಂಬತ್ತು.

ಕಸ ಹೇಗೋ ಹೋಗುತ್ತದೆ,
ಕತ್ತೆಗಾಡಿಯಲ್ಲಿ, ಹೆಂಗಸರ ಬೆನ್ನ ಮೇಲೆ,
ಮೊಂಬಾಸಾ ರೈಲಿನ ಹಳಿ ದಾಟಿ
ಕತ್ತಾಳೆ ತೋಟದ ಅಂಚಿಗೆ.
ನಕ್ಷೆಯಲ್ಲಿ ಆ ಜಾಗ ತಿಳಿಹಳದಿ: ಖಾಲಿ ಭೂಮಿ.
ಆ ಖಾಲಿಯಲ್ಲಿ ಎಪ್ಪತ್ತು ಜನ ದುಡಿಯುತ್ತಾರೆ.
ಬೋಳುತಲೆಯ ಮಾರಬೂ ಕೊಕ್ಕರೆಗಳು
ಹಳೇ ಕೋಟು ತೊಟ್ಟ ಗುಮಾಸ್ತರ ಹಾಗೆ ಸಾಲಾಗಿ ನಿಂತು ನೋಡುತ್ತವೆ.
ರಾತ್ರಿ ಆನೆಗಳು, ಹಣ್ಣಿನ ಸಿಪ್ಪೆಯ ವಾಸನೆ ಹಿಡಿದು ಬಂದವು,
ಪ್ಲಾಸ್ಟಿಕ್ಕನ್ನೂ ಸೇರಿಸಿ ನುಂಗುತ್ತವೆ.
ಮುಖಪುಟದ ಆನೆ ಅಲ್ಲ ಅವು.

ಜನರ ಅಭಿಪ್ರಾಯ ಕೇಳಬೇಕು, ಅದೂ ಕಾನೂನು.
ಶಾಲೆಯ ಅಂಗಳದಲ್ಲಿ ಶಾಮಿಯಾನ,
ತಲೆಗೊಂದು ಸೋಡಾ, ಅರ್ಧ ಬ್ರೆಡ್ಡು.
ಯೋಜನಾಧಿಕಾರಿ ಮ್ವಂಜಲಾ ಮೈಕು ಊದಿ
'ಹೇಳಿ' ಅಂದರು, ಗಡಿಯಾರ ನೋಡಿಕೊಂಡು.

ಎದ್ದವಳು ಮಘೋಯಿ.
ಒಂದು ಕಾಲಿಗೆ ಗಂಡಸರ ಬೂಟು, ಇನ್ನೊಂದಕ್ಕೆ ಹೆಂಗಸರದು.
ಚೀಲದಿಂದ ಒಂದು ಪುಸ್ತಕ ತೆಗೆದಳು.
ನಮ್ಮದೇ. ಹೋದ ಸಲದ್ದು.
ನೆನೆದು ಉಬ್ಬಿತ್ತು, ಆನೆಗೆ ಸೊಂಡಿಲು ಹೋಗಿತ್ತು.
'ನಿಮ್ಮ ಕಚೇರಿಯ ಕಸದಲ್ಲಿ ಸಿಕ್ಕಿದ್ದು.
ಕಾಗದ ಕಿಲೋಗೆ ಏಳು ಶಿಲ್ಲಿಂಗು, ಆದರೂ ಮಾರಲಿಲ್ಲ.
ಮಗನ ಕೈಲಿ ಓದಿಸಿದೆ. ಪುಟ ಇನ್ನೂರ ಹನ್ನೆರಡು:
ಬೇಲಿ ಒಂದು. ತಕ್ಕಡಿ ಒಂದು. ನೀರಿನ ನಲ್ಲಿ ಎರಡು.
ಕೈ ತೊಳೆಯೋಣ ಅಂತ ಹುಡುಕಿದೆ.
ಎಲ್ಲಿ ಸ್ವಾಮೀ ನಲ್ಲಿ?'

ಜನ ನಕ್ಕರು. ಮ್ವಂಜಲಾ ನಗಲಿಲ್ಲ,
ಒಳ್ಳೆಯ ಮನುಷ್ಯ, ದಣಿದವರು.
'ಅಮ್ಮಾ, ಪುಸ್ತಕದಲ್ಲಿ ಬೇಲಿ ಇದೆ, ನಕ್ಷೆಯಲ್ಲಿ ತಿಪ್ಪೆ ಇಲ್ಲ.
ಇಲ್ಲದ ತಿಪ್ಪೆಯ ಸುತ್ತ ಬೇಲಿ ಹೇಗೆ ಹಾಕಲಿ?
ದುಡ್ಡು ವಾಪಸು ಹೋಯಿತು.'

'ಅಂದರೆ ನಾವು ಆಟಕ್ಕುಂಟು, ಲೆಕ್ಕಕ್ಕಿಲ್ಲ.
ನಲ್ಲಿ ಲೆಕ್ಕಕ್ಕುಂಟು, ಆಟಕ್ಕಿಲ್ಲ.'
ಅಷ್ಟು ಹೇಳಿ, ಸುತ್ತ ಬಿದ್ದಿದ್ದ ಸೋಡಾ ಬಾಟಲಿಗಳನ್ನೆಲ್ಲ
ಎಣಿಸಿ ಚೀಲಕ್ಕೆ ತುಂಬಿಕೊಂಡು
ಹೊರಟಳು.

ರಾತ್ರಿ ಹೊಸ ಕರಡು ನನ್ನ ಮುಂದೆ.
ನನಗಿರುವ ಅಧಿಕಾರ
ಅಕ್ಷರದ ತಪ್ಪು ತಿದ್ದುವಷ್ಟು.
ಫ್ಯಾನಿನ ಸದ್ದು ಕೇಳುತ್ತ ತುಂಬ ಹೊತ್ತು ಕೂತು,
'ಖಾಲಿ ಭೂಮಿ' ಅನ್ನುವುದು
ಅಕ್ಷರದ ತಪ್ಪು ಎಂದು ತೀರ್ಮಾನಿಸಿದೆ.
ಅಳಿಸಿದೆ. ಹೊಡೆದೆ:
ಕಸದ ಜಾಗ. ಕೆಲಸಗಾರರು ಎಪ್ಪತ್ತು. ನಲ್ಲಿ ಎರಡು.
ಎದ್ದು ನೀರು ಕುಡಿದು ಬಂದು,
ಟೈರು ಆರು.

ಪುಸ್ತಕ ಕೌಂಟಿ ಸಭೆಗೆ ಹೋಗಿದೆ.
ಆ ಪುಟವನ್ನು ಇನ್ನೂ ಯಾರೂ ಓದಿಲ್ಲ,
ಸದ್ಯಕ್ಕೆ ಅದೇ ಭರವಸೆ.
ಮ್ಲಾಂಬಾ ಇವತ್ತು
ಗಾಜು ಒರೆಸಿದ ಮೇಲೆ ಸ್ಟೇರಿಂಗನ್ನೂ ಒರೆಸಿದನಂತೆ.
ನಾನಂತೂ ಯಾರಿಗೂ ಹೇಳಿರಲಿಲ್ಲ.