ಒದ್ದೆ ಬ್ರಷ್ಷು

ಬೆಳಿಗ್ಗೆ ಎದ್ದವಳೇ ನನ್ನದಕ್ಕಿಂತ ಮೊದಲು
ಅವಳ ಬ್ರಷ್ಷು ಒದ್ದೆ ಮಾಡುತ್ತೇನೆ.
ನೇರಳೆ ಬಣ್ಣದ್ದು, ಹಿಡಿಯ ಮೇಲೊಂದು ಆಮೆ.
ನಲ್ಲಿಯ ಕೆಳಗೆ ಒಂದು ಗಳಿಗೆ, ಮತ್ತೆ ಲೋಟಕ್ಕೆ.
ಯಾರಾದರೂ ಬಂದು ಬೆರಳಿಟ್ಟು ನೋಡಿದರೆ
ಇಲ್ಲೊಂದು ಮಗು ಈಗಷ್ಟೇ ಹಲ್ಲುಜ್ಜಿದೆ.

ಆಮೇಲೆ ಹಿಂದಿನ ಕೋಣೆ.
ಯಾರೂ ಮಲಗದ ಹಾಸಿಗೆಯನ್ನು ಕೆದರಿ
ದಿಂಬಿಗೊಂದು ಗುದ್ದು ಕೊಟ್ಟು
ಪುಟ್ಟ ತಲೆಯಷ್ಟು ತಗ್ಗು ಮಾಡುತ್ತೇನೆ.
ಎಪ್ಪತ್ತೊಂದರಲ್ಲಿ ಕಲಿತ ಕಸುಬು.
ಆಸ್ಪತ್ರೆಯ ಲಾಂಡ್ರಿಯಲ್ಲಿ ಮೂವತ್ತೆರಡು ವರ್ಷ
ಬಟ್ಟೆಗಳಿಂದ ಮನುಷ್ಯರ ಗುರುತು ಅಳಿಸುವುದೇ ನನ್ನ ಕೆಲಸವಾಗಿತ್ತು.
ಈಗ ಮೂಡಿಸುತ್ತೇನೆ.

ಶವೋನ್ ನನ್ನ ತಂಗಿಯ ಮಗಳು. ಅವಳ ಬೀದಿಯಲ್ಲೂ ಶಾಲೆಯಿದೆ,
ಇಲ್ಲವೆಂದಲ್ಲ.
ನವೆಂಬರಿನಲ್ಲಿ ಕೆಟ್ಟ ಬಾಯ್ಲರು ಮಾರ್ಚಿಗೆ ರಿಪೇರಿ,
ಈರಿ ಸರೋವರದ ಗಾಳಿ ಕಿಟಕಿಯ ಸಂದಿಯಲ್ಲಿ ಸಿಳ್ಳೆ ಹಾಕುವಾಗ
ಮಕ್ಕಳು ಕೋಟು ತೊಟ್ಟೇ ಭಾಗಾಕಾರ ಮಾಡುತ್ತಾರೆ.
ಇಲ್ಲಿಯ ಶಾಲೆಯಲ್ಲಿ ಪಿಟೀಲು ಕೊಡುತ್ತಾರೆ, ಪುಕ್ಕಟೆ.
ಮನೆಗೂ ಒಯ್ಯಬಹುದಂತೆ.
ಯಾವ ಮನೆಗೆ?

ನಡುವೆ ಇರುವುದು ಒಂದು ರೈಲು ಸೇತುವೆ, ನಾಲ್ಕು ಸಿಗ್ನಲ್ಲು,
ಮತ್ತೆ ನಕ್ಷೆಯಲ್ಲಿ ಯಾರೋ ಯಾವಾಗಲೋ ಎಳೆದ ಗೆರೆ.
ನೆಲದ ಮೇಲೆ ಅದು ಸಿಗುವುದಿಲ್ಲ. ನಾನು ಹುಡುಕಿದ್ದೇನೆ.
ಡೋನಟ್ ಅಂಗಡಿಯ ಪಾರ್ಕಿಂಗಿನ ನಟ್ಟನಡುವೆ
ಎಲ್ಲೋ ಹಾದುಹೋಗಿದೆಯಂತೆ.

ಐದಕ್ಕೆ ಕಾರಿನ ಸದ್ದು.
ನಿದ್ದೆಯ ಮೂಟೆ ಇಮಾನಿಯನ್ನು ಹೆಗಲಲ್ಲಿ ತಂದು
ಸೋಫಾಕ್ಕೆ ಇಳಿಸಿ, ಬೂಟೂ ಬಿಚ್ಚದೆ,
ವಿಮಾನಗಳಿಗೆ ಊಟ ಕಟ್ಟುವ ಕೆಲಸಕ್ಕೆ ಓಡುತ್ತಾಳೆ ತಾಯಿ.
ಏಳಕ್ಕೆ ಹದಿನೈದು ನಿಮಿಷ ಇದ್ದಾಗ ಎಬ್ಬಿಸುತ್ತೇನೆ.
ಒಂದೂಮುಕ್ಕಾಲು ಗಂಟೆಯ ನಿದ್ದೆ. ವಕೀಲರೇ,
ಇದಕ್ಕೆ ವಾಸ ಅನ್ನಬಹುದೆ?
ಮನುಷ್ಯರು ವಾಸಿಸುವುದು ರಾತ್ರಿ ಮಲಗಿದಲ್ಲೋ
ಕನಸು ಮುಗಿಸಿದಲ್ಲೋ?

ಹಾಲು ಕುಡಿಯುತ್ತ ಮಗ್ಗಿಯ ಹಾಗೆ ಒಪ್ಪಿಸುತ್ತಾಳೆ:
ಇಪ್ಪತ್ತೆರಡು ಹದಿನಾಲ್ಕು, ಲಾರ್ಚ್ ಬೀದಿ.
ಅಮ್ಮ, ನಾನು, ಅರ್ಲೀನ್ ಅಜ್ಜಿ.
ಸುಳ್ಳು ಹೇಳಬಾರದೆಂದು
ಚರ್ಚಿನ ಭಾನುವಾರದ ತರಗತಿಯಲ್ಲಿ ಅವಳಿಗೆ ಕಲಿಸಿದವಳೂ ನಾನೇ.
'ನನ್ನ ಮನೆ' ಚಿತ್ರ ಬರೆಯಿರಿ ಅಂದರಂತೆ ಕ್ಲಾಸಿನಲ್ಲಿ.
ನನ್ನ ಮನೆಯನ್ನೇ ಬರೆದಿದ್ದಾಳೆ ಜಾಣೆ,
ಕೆಂಪು ಬಾಗಿಲು, ಮುರಿದ ಮೂರನೇ ಮೆಟ್ಟಿಲು ಸಮೇತ.
ಕಿಟಕಿಯೊಳಗೆ ಮಾತ್ರ
ಅವರ ನಾಲ್ಕನೇ ಮಹಡಿಯಿಂದ ಕಾಣುವ ನೀರಿನ ಟ್ಯಾಂಕು.

ಹೋದ ಗುರುವಾರ ಅವನು ಬಂದ, ಶಾಲಾಮಂಡಳಿ ಕಳಿಸಿದವನು.
ಹಿಂದೆ ಪೊಲೀಸಿನಲ್ಲಿ ಇದ್ದಿರಬೇಕು,
ಕಾಲೊರಸಿನ ಮೇಲೆ ನಿಂತ ಬಗೆಯಲ್ಲೇ ತಿಳಿಯಿತು.
ಒಳ್ಳೆಯವನೇ. ಕಾಫಿ ಬೇಡವೆಂದ.
ಹಾಸಿಗೆ ನೋಡಿ ಏನೋ ಗೀಚಿಕೊಂಡ.
ಬ್ರಷ್ಷಿಗೆ ಬೆರಳು ಸೋಕಿಸಿದ. ನಾನು ಒಳಗೊಳಗೇ ಗೆದ್ದೆ.
ಹೊರಡುವಾಗ ಬಾಗಿಲ ಬಳಿ ಬಗ್ಗಿ
ಜೋಡಿಸಿಟ್ಟ ಪುಟ್ಟ ಬೂಟನ್ನು ತಿರುಗಿಸಿ ನಂಬರು ಓದಿದ.
ಎರಡು ವರ್ಷದ ಹಿಂದೆ ನಾವು ತಂದಿಟ್ಟದ್ದು.
'ಈಗ ಎಷ್ಟನೇ ಕ್ಲಾಸು?'
'ಮೂರು.'
ಏನೂ ಅನ್ನಲಿಲ್ಲ. ಇದ್ದಲ್ಲೇ ಇಟ್ಟ,
ಮೂತಿ ಗೋಡೆಗೆ ತಾಗುವ ಹಾಗೆ, ನೀಟಾಗಿ.

ಕರೆಂಟ್ ಬಿಲ್ಲು, ಬೀಗದ ಕೈ, ಗ್ರಂಥಾಲಯದ ಕಾರ್ಡು,
ಎಲ್ಲ ನೆನಪಿಟ್ಟಿದ್ದೆವು.
ಮಗು ಬೆಳೆಯುತ್ತದೆ ಅನ್ನುವುದೊಂದು ಹೊಳೆಯಲೇ ಇಲ್ಲ.
ಇಷ್ಟೆಲ್ಲ ಮಾಡಿದ್ದು ಅದಕ್ಕೇ ಆಗಿದ್ದರೂ.

ಪತ್ರ ಇನ್ನೂ ಬಂದಿಲ್ಲ.
ಬಂದರೆ ಎರಡು ವರ್ಷದ ಫೀಸು ಕಕ್ಕಬೇಕಂತೆ.
ಶವೋನ್ ನನ್ನ ಅಡುಗೆಮನೆಯಲ್ಲಿ ಕೂತು
ಲಕೋಟೆಯ ಬೆನ್ನ ಮೇಲೆ ಕೂಡುತ್ತಾಳೆ, ಅಳಿಸುತ್ತಾಳೆ, ಕೂಡುತ್ತಾಳೆ.

ನಿನ್ನೆ ಬಸ್ಸು ಹಿಡಿದು ಹೋಗಿ
ಅವಳ ಈಗಿನ ಅಳತೆಯ ಬೂಟು ತಂದೆ.
ಹೊಸದು ಹೊಸದಾಗಿಯೇ ಕಾಣುತ್ತದೆ, ಅದೊಂದು ಪೇಚು.
ಕತ್ತಲಾಗುವುದನ್ನೇ ಕಾದು
ಎರಡೂ ಕೈಗಳನ್ನು ಬೂಟಿನೊಳಗೆ ತೂರಿಸಿ
ಹಿಮ ಕರಗಿದ ಕೆಸರಿನಲ್ಲಿ ಮಂಡಿಯೂರಿ
ಗೇಟಿನಿಂದ ಕೆಂಪು ಬಾಗಿಲಿನವರೆಗೆ ನಡೆದೆ,
ಎಡ, ಬಲ, ಎಡ,
ಮುರಿದ ಮೆಟ್ಟಿಲನ್ನು ಅವಳ ಹಾಗೆಯೇ ಹಾರಿಸಿ.