ಒರೆಗೆ ಹಚ್ಚಲಾರದ್ದು

ನಾಗಣಸೂರಿನ ಬಾವಿಯಿಂದ, ಎಂಬತ್ತಡಿ ಕೆಳಗಿನಿಂದ
ಸೆರಗಿನ ಗಂಟಿನಲ್ಲಿ ತಂದಿದ್ದಳು ಹುಲಗವ್ವ ಒಡ್ಡರ:
ಕರಿಕಲ್ಲಿನ ಒಂದು ಪೊಟರೆ, ಅದರ ಬಾಯೊಳಗೆ
ಜೇನಿನ ಬಣ್ಣದ್ದೊಂದು ಹರಳು,
ನೆನೆಸಿದ ಅವರೆಕಾಳಿನಷ್ಟು.
"ಬಂಗಾರ ಏನ್ರಿ, ಪತ್ತಾರ್ರ?"

ಅಲ್ಲ ಅನ್ನಲು ಕಣ್ಣೊಂದೇ ಸಾಕಾಯಿತು.
ಏನು ಅನ್ನಲು ಅಂಗಡಿಯಲ್ಲಿದ್ದದ್ದೆಲ್ಲ ಬೇಕಾಯಿತು.

ಅಪ್ಪನ ಒರೆಗಲ್ಲು ಅವತ್ತು ಕೆಲಸಕ್ಕೆ ಬರಲಿಲ್ಲ,
ಉಜ್ಜಿದರೆ ಹರಳೇ ಸವೆಯುವ ಭಯ.
ಉಗುರಿಗೆ ಜಗ್ಗಲಿಲ್ಲ. ತಾಮ್ರದ ಹಳೇ ದುಡ್ಡಿಗೂ ಇಲ್ಲ.
ಯಾರೂ ನೋಡದ ಮಗ್ಗುಲಲ್ಲಿ ಉಕ್ಕಿನ ಸೂಜಿ ಊರಿದೆ.
ಬಿಳಿ ಗೀರು ಬಿತ್ತು.
ಕೈ ಹಿಂದಕ್ಕೆ ಬಂತು, ಕೂಸಿನ ಕಿವಿ ಚುಚ್ಚಿದ ಹಾಗೆ.

ಉದುರಿದ ಚೂರಿಗೆ ನಿಂಬೆಯ ಹನಿ ಬಿಟ್ಟೆ.
ಸುಣ್ಣದ ಜಾತಿಯಾಗಿದ್ದರೆ ಬುಸುಗುಡಬೇಕಿತ್ತು,
ಸುಮ್ಮನೆ ಕೂತಿತು.

ಕೊನೆಗೆ ಖೋಟಾ ನೋಟು ನೋಡುವ ನೀಲಿ ದೀಪ.
ಬಾಗಿಲು ಅರ್ಧ ಎಳೆದು ಹಚ್ಚಿದೆ.
ಬೆಣ್ಣೆ ಕಾಯ್ದು ತುಪ್ಪವಾಗುವ ಹೊತ್ತಿನ ಹಳದಿ
ಕಲ್ಲಿನೊಳಗಿಂದ ಎದ್ದು ಬಂತು.
"ಯವ್ವಾ," ಅಂದಳು ಹುಲಗವ್ವ, ಅಷ್ಟೇ.

ಗುರುವಾರ ಪುಣೆಯಿಂದ ಸಂಘವಿ ಸೇಠ ಇಳಿದ.
ಕಣ್ಣಿಗೆ ದುರ್ಬೀನು ಸಿಕ್ಕಿಸಿ ಬಹಳ ಹೊತ್ತು ನೋಡಿದ.
"ಪಾವೆಲೈಟ್. ಮೆತ್ತಗಿನ ಮಾಲು, ಅಪರೂಪ.
ಇಪ್ಪತ್ತೆರಡು ಸಾವಿರ...
ಈ ಗೀರು ಯಾರದು?"
"ನಂದು. ಹೆಸರು ತಿಳೀಬೇಕಾಗಿತ್ತು."
"ಹತ್ತೊಂಬತ್ತು."
ಮೂರು ಸಾವಿರ ನನ್ನ ಗಲ್ಲಾದಿಂದ ತೆಗೆದಿಟ್ಟೆ,
ಗೀರಿನ ಲೆಕ್ಕ ನನ್ನದೇ.

"ಅವರ ನೋಟೂ ಆ ದೀಪದ ಕೆಳಗ ಹಿಡೀರಿ," ಅಂದಳು.
ಸೇಠ ನಕ್ಕ. ನಾನು ನಗದೆ ಹಿಡಿದೆ,
ಒಂದೊಂದಾಗಿ. ದಾರ ಮಿಂಚಿತು, ಅಂಕಿ ಮಿಂಚಿತು.
ಕೊನೆಯದಕ್ಕೆ ಅವಳು ಕೈಚಾಚಿದಾಗ
ಮಿಂಚಿದವು ಅವಳ ಉಗುರುಗಳ ಸಂದು,
ಹತ್ತಕ್ಕೆ ಹತ್ತೂ,
ಅದೇ ತುಪ್ಪದ ಹಳದಿ.

ಸೇಠ ದುರ್ಬೀನು ಕೆಳಗಿಟ್ಟ.
"ಇಂಥವು ಇನ್ನೂ ಅದಾವೇನು?"
"ಬುಟ್ಟಿಗಟ್ಟಲೆ ಇದ್ದೂವರಿ.
ಸುರಂಗ ಹಾರಿಸಿದ ಮ್ಯಾಲ ಎಲ್ಲಾ ಖಡಿ ಆತು.
ಮೈಂದರ್ಗಿ ರಸ್ತೆಕ್ಕ ಹೋತು."
ನೋಟು ಮಡಚಿ ಕುಪ್ಪಸದೊಳಗೆ ತುರುಕಿ
ಚಪ್ಪಲಿ ಹುಡುಕತೊಡಗಿದಳು.

"ಆ ರಸ್ತೆಗೆ... ಡಾಂಬರು ಆಗಿದೆಯಾ?"

"ನಿನ್ನೆ," ಅಂದಳು ಹುಲಗವ್ವ.