ಕರಿಗೇರು

ದಿನಕ್ಕೆ ಒಂಬೈನೂರು, ಮಧ್ಯಾಹ್ನದ ಊಟ ಬೇರೆ.
ಕೆಲಸ: ಮಾತು ದಾಟಿಸುವುದು.
ಈ ದಡದಲ್ಲಿ ಪಿಳ್ಳಮ್ಮ, ಮೊಣಕಾಲುದ್ದ ನೀರಲ್ಲಿ,
ವೈಯಾಲಿಕಾವಲ್ ಇಳಿಜಾರಿನ ಧೋಬಿಘಾಟು, ಹನ್ನೊಂದನೇ ಕಲ್ಲು.
ಆ ದಡದಲ್ಲಿ ತಾರ್ತು ಎಂಬ ಊರಿಂದ ಬಂದ ಮಾರ್ಯಾ,
ಮೂರು ತಿಂಗಳ ಅತಿಥಿ ಕಲಾವಿದೆ,
ಕೊರಳಲ್ಲಿ ಗುರುತಿನ ಚೀಟಿ.
ನಡುವೆ ನಾನು, ಬಿ.ಎ. ಎರಡನೇ ದರ್ಜೆ,
ಚಪ್ಪಲಿ ಕೈಯಲ್ಲಿ ಹಿಡಿದು.

ಮೊದಲ ದಿನವೇ ಹೆಸರು ಒದ್ದೆಯಾಯಿತು.
ಮಾರ್ಯಾ ಅಂದರೆ ಪಿಳ್ಳಮ್ಮ ಮಾರಮ್ಮ ಅಂದಳು.
ಪಕ್ಕದ ಕಲ್ಲಿನ ಮುನಿಯಲ್ಲಪ್ಪ
ಸೋಪಿನ ಕೈಯಲ್ಲೇ ಕೈಮುಗಿದ.
ಎಲ್ಲರೂ ಯಾಕೆ ನಕ್ಕರು ಎಂದು ಕೇಳಿದಳು.
ಅದನ್ನು ನಾನು ದಾಟಿಸಲಿಲ್ಲ.

ಅವಳು ಬಂದದ್ದು ಗುರುತು ಹುಡುಕಿಕೊಂಡು.
ಕಾಲರಿನ ಒಳಮಡಿಕೆ, ಪಂಚೆಯ ಅಂಚು, ದಿಂಬಿನ ಚೀಲದ ಮೂಲೆ:
ಎರಡು ಗೀಟು, ಮೂರು ಚುಕ್ಕೆ,
ಕಾಲು ಮುರಿದ ಕುರ್ಚಿಯಂಥದೊಂದು.
"ಇದು ಯಾವ ಅಕ್ಷರ?"
"ಅಕ್ಷರ ಅಲ್ಲ ಕಣಮ್ಮ, ಮನೆ.
ಇದು ಎಂಟನೇ ಅಡ್ಡರಸ್ತೆ, ನೀಲಿ ಗೇಟು, ಕಚ್ಚೋ ನಾಯಿ.
ಇದು ಮೂರು ಹೆಣ್ಣುಮಕ್ಕಳ ಮೇಷ್ಟ್ರು.
ಇದು ನರ್ಸಿಂಗ್ ಹೋಮು, ಅದಕ್ಕೆ ಬೇರೆ ತೊಟ್ಟಿ."
ನಾನು ಹೌಸ್ ಅಂದೆನೋ, ಹೋಮ್ ಅಂದೆನೋ,
ಅವಳ ಪುಸ್ತಕದಲ್ಲಿ ಎರಡೂ ಇದ್ದವು, ಒಂದಕ್ಕೆ ಗೆರೆ ಹೊಡೆದು.

ಉದ್ದನೆಯ ಕೋರಾ ಬಟ್ಟೆಯ ಮೇಲೆ
ಒಂದೊಂದೇ ಮನೆ ಕಟ್ಟತೊಡಗಿದಳು.
ಕರಿಗೇರಿನ ಕಾಯಿ ಚುಚ್ಚಿ, ಕಡ್ಡಿಯ ತುದಿಗೆ ರಸ ಎಳೆದು,
ಗೀಟಿನ ಮೇಲೆ ಸುಣ್ಣ ಒತ್ತಬೇಕು, ಆಮೇಲೆ
ಬಟ್ಟೆ ಹರಿದರೂ ಅದು ಹೋಗದು.
"ಬರಿಗೈಲಿ ಮುಟ್ಟಬ್ಯಾಡ ಅನ್ನು."
ಅಂದೆ. ತಡವಾಗಿ ಅಂದೆ.
ಬೆಳಿಗ್ಗೆ ತೋರುಬೆರಳಲ್ಲಿ ಬೊಬ್ಬೆ, ಕಡಲೆಕಾಳಿನಷ್ಟು.
ಪಿಳ್ಳಮ್ಮ ಕೊಬ್ಬರಿ ಎಣ್ಣೆ ಸವರುತ್ತಾ ಬೈದದ್ದು ನನ್ನನ್ನು:
"ಮಾತು ದಾಟಿಸೋಕೆ ಬಂದವಳಂತೆ!"

ಒಂದು ಮಧ್ಯಾಹ್ನ, ಚಿತ್ರಾನ್ನದ ಡಬ್ಬಿ ಖಾಲಿಯಾದ ಮೇಲೆ,
"ನನಗೂ ಒಂದು ಗುರುತು ಹಾಕಿಕೊಡುತ್ತೀರಾ?"
ಪಿಳ್ಳಮ್ಮ ಬೆಡ್‌ಶೀಟು ಎತ್ತಿ ಬಡಿದಳು,
ಒಂದು, ಎರಡು, ಮೂರು.
"ಮೈಲಿಗೆ ಬಟ್ಟೆ ಕೊಟ್ಟೋರಿಗೆ ಗುರುತು.
ಈಯಮ್ಮ ರೂಮಲ್ಲಿ ಮಿಷನ್ನಿಗೆ ಹಾಕ್ಕೋತಾಳೆ.
ನಮ್ಮನೆ ಅನ್ನ ತಿಂತಾಳೆ, ಅವಳ ಕೊಳೆ ಮಾತ್ರ ಕೊಡಲ್ಲ."
ಇದನ್ನು ಒಂದಕ್ಷರ ಬಿಡದೆ ದಾಟಿಸಿದೆ.

ಮಾರ್ಯಾ ಬಹಳ ಹೊತ್ತು ಎಣ್ಣೆಬೆರಳು ನೋಡಿಕೊಂಡಳು.
ತನ್ನಜ್ಜಿ ಚಳಿಗಾಲದಲ್ಲಿ ಹೊಳೆಯ ಮೇಲಿನ ಮಂಜುಗಡ್ಡೆ ಕೊರೆದು
ಒಬ್ಬಳೇ ಬಟ್ಟೆ ಜಾಲಿಸುತ್ತಿದ್ದಳಂತೆ,
ಯಾರ ಕೈಗೂ ಕೊಡುತ್ತಿರಲಿಲ್ಲವಂತೆ. ನಾಚಿಕೆ.
"ಕೈ ಸೆಡೆತುಕೊಳ್ಳಲ್ವಾ?" ಪಿಳ್ಳಮ್ಮ ನೀರಿಂದ ಕೈ ತೆಗೆದು
ಬೆರಳು ಮಡಿಚಿ ಬಿಚ್ಚಿದಳು.
ಇಂದಿಗೂ ಹೊಸ ಸೊಸೆಯರು ನೀರು ತಣ್ಣಗಿದೆ ಎಂದರೆ
ಆ ಅಜ್ಜಿಯ ಕಥೆ ಹೇಳುತ್ತಾಳೆ,
ತನ್ನ ನೆಂಟರವಳೋ ಎಂಬಂತೆ.

ಕೊನೆಯ ಭಾನುವಾರ ಬಟ್ಟೆ ಹಗ್ಗವೇರಿತು,
ಇನ್ನೂರ ಹದಿನಾರು ಮನೆ.
ಸಂಸ್ಥೆಯವರು ಬಂದರು, ಕಾಗದದ ಲೋಟದಲ್ಲಿ ಚಹಾ.
ಭಾಷಣದಲ್ಲಿ ಸಮುದಾಯ ಎಂಬ ಮಾತು ಏಳು ಸಲ.
ಮುನಿಯಲ್ಲಪ್ಪ ಮಾತ್ರ ಒಂದು ಮೂಲೆಯಲ್ಲಿ ನಿಂತುಬಿಟ್ಟ:
"ಈ ಗೀಟು ನಮ್ಮಪ್ಪನ ಕೈ.
ಕೊನೇಲಿ ಹಿಂಗೇ ಕೆಳಕ್ಕೆ ಎಳೀತಿದ್ದ."
ಆ ಮನೆಯಿದ್ದಲ್ಲಿ ಈಗ ಹದಿನೆಂಟು ಫ್ಲ್ಯಾಟು,
ಒಂದರಿಂದಲೂ ಬಟ್ಟೆ ಬರುವುದಿಲ್ಲ.
ಪಿಳ್ಳಮ್ಮ ಮೋಡ ನೋಡಿದಳು,
"ಸಾಕು, ಇಳಿಸಿ."

ಮಾರ್ಯಾ ಬಟ್ಟೆ ಒಯ್ಯಲಿಲ್ಲ.
ಬೆರಳಿನ ಕಲೆ ಮಾಸಿಲ್ಲವೆಂದು ಫೋಟೋ ಕಳಿಸಿದಳು, ಒಮ್ಮೆ.
ನನ್ನ ಎರಡು ದಿನದ ಸಂಬಳ ಇನ್ನೂ ಬಂದಿಲ್ಲ.

ಮೊನ್ನೆ ಸಂಪಿಗೆ ರಸ್ತೆಯ ಸಿಗ್ನಲ್ಲಿನಲ್ಲಿ
ಮುನಿಯಲ್ಲಪ್ಪನ ಸ್ಕೂಟರು, ಹಿಂದೆ ಆಳೆತ್ತರದ ಮೂಟೆ.
ಕಟ್ಟಿದ್ದು ಅದೇ ಬಟ್ಟೆಯಲ್ಲಿ.
ಇನ್ನೂರ ಹದಿನಾರು ಮನೆ ಕೆಂಪು ದೀಪಕ್ಕೆ ಕಾದು ನಿಂತಿದ್ದವು.
ಗಂಟಿನ ಹತ್ತಿರ ನಾನು ಕಾಣದ ಒಂದು ಗುರುತು:
ಅಡ್ಡ ಗೀಟು, ಅದರಲ್ಲೊಂದು ತೂತು,
ಮಂಜುಗಡ್ಡೆ ಕೊರೆದ ಹಾಗೆ.

ಸಂಜೆ ಘಾಟಿಗೆ ಹೋಗಿ ಕೇಳಿದೆ, ಯಾರ ಮನೆ ಅದು?
ಪಿಳ್ಳಮ್ಮ ತಲೆ ಎತ್ತಲಿಲ್ಲ.
"ದೂರದ್ದು.
ಬಟ್ಟೆ ಇನ್ನೂ ಬಂದಿಲ್ಲ."